ಬಂಗಾರಿಯ ಅಂಕಪಟ್ಟಿ

"ಮೆಟ್ಟಿಲಿಗೆ ಕಾಲಿಟ್ಟೆ ಅಂದ್ರೆ ಕಾಲು ಮುರೀತೆ, ರಂಡೆ! ಅಲ್ಲೇ ನಿಂತ್ಕಂಡು ಬೊಗಳು."

ಹೊನ್ನಿ ಎತ್ತಿದ ಕಾಲನ್ನು ಅಂಗಳದ ಕೆಸರಿಗೇ ಇಳಿಸಿದಳು. "ಒಡ್ಯಾ, ಬಂಗಾರಿ ಮಾರ್ಕಿನ ಕಾಗ್ದ ಕೊಡಿ. ಕಾಲೇಜಿಗೆ ನಾಳೆಯೇ ಕಡೇ ದಿನವಂತೆ."

ಮಿರ್ಜಾನದ ಆ ಕೇರಿಯಲ್ಲಿ ಯಾರ ಮನೆಯಲ್ಲೂ ಕಾಗದ ಇಡುತ್ತಿರಲಿಲ್ಲ. ಸೋಗೆಯ ಮಾಡು ಸೋರುತ್ತದೆ, ಗೆದ್ದಲು ತಿನ್ನುತ್ತದೆ. ಅಜ್ಜನ ಕಾಲದಿಂದ ಎಲ್ಲರ ಚೀಟಿ ಚಪಾಟಿ ಒಡೆಯರ ಪೆಟ್ಟಿಗೆಯಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ಮಗಳು ನಾನೂರ ಮೂವತ್ತೊಂದು ಅಂಕ ತಂದಾಗ ಹೊನ್ನಿಯೇ ಆ ಕಾಗದವನ್ನು ಬಾಳೆಲೆಯಲ್ಲಿ ಸುತ್ತಿ, ಮಹಾಗಣಪತಿ ಒಡೆಯರ ಜಗಲಿಯ ಅಂಚಿಗಿಟ್ಟು ಕೈಮುಗಿದಿದ್ದಳು. "ಬೇಡ್ವೇ ಅವ್ವೇ," ಎಂದು ಬಂಗಾರಿ ಸೆರಗು ಹಿಡಿದು ಜಗ್ಗಿದ್ದಳು.

"ಪೆಟ್ಟಿಗೆ ಚಾವಿ ನಮ್ಮನೆಯವಳ ಹತ್ರ. ಅವ್ಳು ತವ್ರಿಗೆ ಹೋಗಿದಾಳೆ." ಮಹಾಗಣಪತಿ ಎಲೆಯಡಿಕೆಯ ಕವಳ ಉಗುಳಿದ. "ನಿನ್ನ ಮಗ್ಳು ಡಾಕ್ಟ್ರಾದ್ರೆ ನನ್ನ ಗದ್ದೆ ನೆಡೂಕೆ ನಿನ್ನ ಗಂಡ ಸುಡುಗಾಡಿಂದ ಎದ್ದು ಬತ್ನನೇ?"

ಚಾವಿ ಬಂದದ್ದು ನಾಲ್ಕು ದಿನದ ಮೇಲೆ.

ಹೊಳೆ ದಾಟಿ, ಕುಮಟೆಯ ಕಾಲೇಜಿನ ಕಿಟಕಿಯೆದುರು ತಾಯಿ ಮಗಳು ನಿಂತರು. ಗುಮಾಸ್ತ ಕಾಗದ ನೋಡಿ ಕನ್ನಡಕ ತೆಗೆದ.

"ನಾನೂರ ಮೂವತ್ತೊಂದೇ! ಇಷ್ಟು ದಿನ ಎಲ್ಲಿ ಸತ್ತಿದ್ರೇ? ಸಾಯನ್ಸಿನ ಸೀಟು ಶನಿವಾರವೇ ಮುಗ್ದೋತು. ಕಡೇದು ಮುನ್ನೂರಾ ಒಂಬತ್ತಕ್ಕೆ ಹೋತು."

"ನಮ್ದು ಅದ್ಕಿಂತ ದೊಡ್ಡದಲ್ವಾ ರಾಯ್ರೇ?"

"ದೊಡ್ಡದೇ ಮಾರಾಯ್ತಿ. ಕಾಗ್ದ ನನ್ನ ಮೇಜಿಗೆ ಬರ್ದೇ ಇದ್ರೆ ನಾ ಎಂತ ಮಾಡ್ಲಿ?"

ಬಂಗಾರಿ ಗೋಡೆಗೆ ಹಚ್ಚಿದ್ದ ಪಟ್ಟಿಯ ಕೊನೆಯ ಹೆಸರು ಓದಿದಳು. ವೆಂಕಟ್ರಮಣ, ಒಡೆಯರ ಮಗ. ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಬಯ್ಯೇ ನಂಗೆ," ಎಂದಳು ಹೊನ್ನಿ, ದಾರಿಯುದ್ದಕ್ಕೂ. "ಕೊಟ್ಟವಳು ನಾನೇ ಅಲ್ವನೇ? ಒಂದು ಸಲ ಬಯ್ಯೇ ಮಗಾ."

ಬಂಗಾರಿ ಮುಂದೆ ಮುಂದೆ ನಡೆದಳು.

ಮರುದಿನ ಒಡೆಯರ ಗದ್ದೆಯಲ್ಲಿ ನಾಟಿ. ಹೊನ್ನಿ ಹೋಗುವಷ್ಟರಲ್ಲಿ ಬಂಗಾರಿ ಲಂಗ ಎತ್ತಿಕಟ್ಟಿ ಕೆಸರಿಗಿಳಿದಿದ್ದಳು. ಹಿಂದೆ ಹಿಂದೆ ಸರಿಯುತ್ತ ನೆಡುತ್ತಿದ್ದಳು. ಸಾಲು ಗೆರೆ ಎಳೆದಂತಿತ್ತು.

"ಕಲ್ತ ಕೈ ಅಂದ್ರೆ ಇದು!" ಬದುವಿನ ಮೇಲೆ ಕೊಡೆ ಹಿಡಿದು ನಿಂತ ಮಹಾಗಣಪತಿ ನಕ್ಕ.

ಹೊನ್ನಿ ಗದ್ದೆಗಿಳಿದು ಮಗಳ ಎದುರು ನಿಂತಳು. "ಏಳೇ."

ಬಂಗಾರಿ ಏಳಲಿಲ್ಲ. ಹೊನ್ನಿ ಬಗ್ಗಿ, ಮಗಳು ನೆಟ್ಟ ಸಸಿಯೊಂದನ್ನು ಕಿತ್ತೆಸೆದಳು. ಮತ್ತೊಂದನ್ನು ಕಿತ್ತಳು.

"ಏ ಬೋಸುಡಿ! ತಲೆ ಕೆಟ್ಟದ್ಯನೇ?"

"ಕೆಟ್ಟದೆ. ನಿನ್ನ ಮಗನ್ನ ಕರ್ಕಂಡು ಬಾ. ಅವ ನೆಡ್ಲಿ."

ನಾಟಿಯ ಹೆಂಗಸರ ಕೈಗಳೆಲ್ಲ ನಿಂತವು. ಒಡೆಯನಿಗೆ ಯಾರೂ ಏಕವಚನ ಆಡಿದ್ದನ್ನು ಅವರು ಕೇಳಿರಲಿಲ್ಲ.

ಬಂಗಾರಿಯ ಕೈ ಮಾತ್ರ ನಿಲ್ಲಲಿಲ್ಲ. ಅವಳು ನೆಡುತ್ತ ಹಿಂದೆ ಸರಿದಳು. ಅವ್ವ ಕೀಳುತ್ತ ಮುಂದೆ ಬಂದಳು. ಇಬ್ಬರ ನಡುವೆ ಒಂದು ಮೊಳ ಹಸಿರು.