ಮಾವನ ಎಡೆಯ ನಾಲ್ಕು ಬಾಟಲಿ

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಹೊರಗೆ ಬಂದುಬಿಡಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಚನ್ನರಾಯಪಟ್ಟಣದಲ್ಲಾದರೆ ಜಗಲಿಯ ಮೇಲೆ ಕೂತು ಹರಟುತ್ತಿದ್ದೆವು. ಅಹಮದಾಬಾದಿನ ಈ ಮೂರನೇ ಮಹಡಿಯಲ್ಲಿ, ಪಿತೃಪಕ್ಷದ ಅಮಾವಾಸ್ಯೆಯ ಮಧ್ಯಾಹ್ನ, ನಾನೂ ನನ್ನ ಗಂಡ ಹರಿಪ್ರಸಾದರೂ ನಮ್ಮದೇ ಬಾಗಿಲ ಮುಂದೆ ಕಳ್ಳರ ಹಾಗೆ ನಿಂತಿದ್ದೆವು.

ಕಳ್ಳರೇ ಬಿಡಿ. ಒಳಗೆ ಮಾವನ ಫೋಟೋ ಮುಂದೆ ಮುದ್ದೆ, ಕೋಳಿ ಸಾರು, ವಡೆಯ ಪಕ್ಕ ನಾಲ್ಕು ಬಾಟಲಿ ಬಿಯರ್ ಇತ್ತು. ಪಾನನಿಷೇಧದ ಊರಲ್ಲಿ ಮನೆಯಲ್ಲೇ ತಯಾರಿಸಿದ್ದು. ಸಿಕ್ಕಿಬಿದ್ದರೆ ಜೈಲು. ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಇವರದು ಇಪ್ಪತ್ತೆರಡು ವರ್ಷದ ನೌಕರಿ, ಅದಕ್ಕೂ ಎಳ್ಳುನೀರು.

ಕಳೆದ ವರ್ಷ ಮಾವ ಇಲ್ಲಿಗೆ ಬಂದಿದ್ದಾಗ ಹಬ್ಬದೂಟದ ಜೊತೆ ಒಂದೇ ಒಂದು ಬಿಯರ್ ಕೇಳಿದ್ದರು. "ಇದು ಗುಜರಾತು ಕಣಪ್ಪ, ನನ್ ಕೆಲ್ಸ ಕಳೀಬೇಕು ಅಂತ ಬಂದಿದ್ಯಾ?" ಎಂದು ಇವರು ರೇಗಿದರು. ಮಾವ ಮತ್ತೆ ಕೇಳಲಿಲ್ಲ. ಊರಿಗೆ ಹೋದ ತಿಂಗಳಿಗೇ ತೀರಿಕೊಂಡರು. ಆ ಮಾತು ಇವರನ್ನು ಒಳಗೊಳಗೇ ತಿನ್ನುತ್ತಿತ್ತು.

ಅದಕ್ಕೇ ಈ ಸಾಹಸ. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಕುದಿಸಿ, ಯೀಸ್ಟ್ ಹಾಕಿ ಬಚ್ಚಲಲ್ಲಿ ಬಕೆಟ್ ಮುಚ್ಚಿಟ್ಟರು. ಹುಳಿ ವಾಸನೆ ಮೆಟ್ಟಿಲವರೆಗೂ ಹೋಯಿತು. ದೋಸೆ ಹಿಟ್ಟು ಎಂದೆ. ತಗೊಳ್ಳಿ, ಅಕ್ಕಪಕ್ಕದವರೆಲ್ಲ ಬಟ್ಟಲು ಹಿಡಿದು ಬಂದರು! ಒಂದು ಸುಳ್ಳಿಗಾಗಿ ಮೂರು ವಾರ ಹಿಟ್ಟು ರುಬ್ಬಿ ನನ್ನ ಸೊಂಟ ಬಿದ್ದುಹೋಯಿತು. ಬಾಟಲಿಗೆ ತುಂಬುವಾಗ "ಅಪ್ಪಂಗೆ ನೊರೆ ಇಷ್ಟ" ಎಂದು ಒಂದೊಂದಕ್ಕೂ ಬೆಲ್ಲ ಜಾಸ್ತಿಯೇ ಹಾಕಿದರು. ಈಗ ದೀಪ ಆರಬಾರದೆಂದು ಫ್ಯಾನ್ ನಿಲ್ಲಿಸಿ, ಸಾರಿನ ಘಮ ಹೊರಗೆ ಹೋಗದಂತೆ ಕಿಟಕಿ ಮುಚ್ಚಿ, ಗ್ಯಾಸ್ ತುಂಬಿ ಬಿಗಿದಿದ್ದ ಬಾಟಲಿಗಳನ್ನು ಎರಡು ದೀಪಗಳ ನಡುವೆ ಇಟ್ಟು ಬಂದಿದ್ದರು. ದೊಡ್ಡ ವಿಜ್ಞಾನಿ!

ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಮೇಲಿನ ಮನೆಯ ರಾಥೋಡ್, ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರದಲ್ಲೇ ಬರುತ್ತಿದ್ದರು.

"ಏನು ಭಾಬಿ, ಬಾಗಿಲು ಲಾಕ್ ಆಯ್ತಾ?" ಎಂದರು ಹಿಂದಿಯಲ್ಲಿ.

"ಇಲ್ಲ ಭಾಯಿ, ಒಳಗೆ ಹಿರಿಯರ ಪೂಜೆ."

ಢಬ್!

"ಕುಕ್ಕರ್," ಎಂದೆ.

ಮತ್ತೊಮ್ಮೆ ಢಬ್! ಗಾಜು ನೆಲಕ್ಕೆ ಬಿದ್ದು ಚೂರಾದ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಕಂದು ನೊರೆ ಹೊರಬಂದು ರಾಥೋಡ್ ಬೂಟಿನ ತುದಿಗೆ ಮುಟ್ಟಿತು.

"ದೋಸೆ ಹಿಟ್ಟು," ಎಂದೆ. ನನಗೇ ನಾಚಿಕೆಯಾಯಿತು.

"ಸುಳ್ಳು ಸಾಕು ಪದ್ಮಾ, ಅಪ್ಪ ಒಳಗವ್ರೆ," ಎಂದರು ಇವರು. ಆಮೇಲೆ ರಾಥೋಡ್ ಕಡೆ ತಿರುಗಿ ಹಿಂದಿಯಲ್ಲಿ ಹೇಳಿಯೇಬಿಟ್ಟರು: "ಅದು ಬಿಯರ್. ಮಾಡಿದ್ದು ನಾನೇ, ಇವಳಲ್ಲ. ಅಪ್ಪ ಬದುಕಿದ್ದಾಗ ಕೇಳಿದರು, ಕೊಡಲಿಲ್ಲ."

ರಾಥೋಡ್ ಬಗ್ಗಿ ನೊರೆಯನ್ನು ನೋಡಿದರು.

"ನಿಮ್ಮಪ್ಪ, ಕಾಕಾ, ನನ್ನನ್ನೂ ಬಿಯರ್ ಕೇಳಿದ್ದರು," ಎಂದರು. "ಇದೇ ಮೆಟ್ಟಿಲ ಮೇಲೆ, ತಮ್ಮ ಹರುಕುಮುರುಕು ಹಿಂದಿಯಲ್ಲಿ. ನಾನು ಪೊಲೀಸ್ ಅಂದೆ. ನಕ್ಕುಬಿಟ್ಟರು. ಮಗನಿಗೆ ಹೇಳಬೇಡ, ಅವನು ಹೆದರುತ್ತಾನೆ, ಪಾಪ ಅಂದರು."

ಇವರು ಬಾಗಿಲಿಗೆ ಹಣೆ ಒತ್ತಿ ಮಗುವಿನಂತೆ ಅತ್ತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ಒಳಗೆ ಮೂರನೆಯದೂ ಸಿಡಿಯಿತು.

"ಇನ್ನೆಷ್ಟಿವೆ?"

"ಒಂದು," ಎಂದೆ.

ರಾಥೋಡ್ ಬೂಟು ಕಳಚಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕೂತರು. ನಾವೂ ಕೂತೆವು. ಮೂವರೂ ಬಾಗಿಲಿಗೆ ಕಿವಿಗೊಟ್ಟೆವು. ನಾಲ್ಕನೆಯದು ಸಿಡಿಯಲೇ ಇಲ್ಲ.