ಗುಡಿಯ ಮಾಡಿಗೆ ಮೂರು ಹಕ್ಕಿ

ಥಿಮಿ ಊರಿನ ಕುಂಬಾರಗೇರಿಯ ಗಣೇಶನ ಗುಡಿಗೆ ಹೆಂಚಿನ ಮಾಡು, ಮಾಡಿನ ಮೂಲೆಗೊಂದು ಮಣ್ಣಿನ ಹಕ್ಕಿ. ಊರಿಗೆ ಬರುವ ಕೇಡನ್ನು ದೂರದಿಂದಲೇ ಕಂಡು ಅವು ಕೂಗುತ್ತವೆ ಎಂದು ಚಿರಿಮಾಯಾಳ ಅಜಿ, ಅಂದರೆ ಅಜ್ಜಿ, ಕಥೆ ಹೇಳುತ್ತಿದ್ದಳು. ಭೂಕಂಪವಾದ ದಿನ ಕೂಗಿದವೋ ಇಲ್ಲವೋ, ಮೂರು ಹಕ್ಕಿ ಬಿದ್ದು ಪುಡಿಯಾದವು. ಉಳಿದದ್ದು ಒಂದೇ. ಅವನ್ನು ಮಾಡಿದ ತಾತ ಈಗಿಲ್ಲ, ಅಜಿಯ ಬೆರಳುಗಳು ಸೆಟೆದುಕೊಂಡಿವೆ.

ಗುಡಿ ಮತ್ತೆ ಎದ್ದು ನಿಂತಿತ್ತು. ಉಸ್ತುವಾರಿ ನೋಡುವ ಅಷ್ಟಲಾಲ್ ಕಾಕಾ ಚಿರಿಮಾಯಾಳಿಗೆ ಗಡುವು ಕೊಟ್ಟಿದ್ದರು: "ಸಂಜೆಯೊಳಗೆ ನಿನ್ನ ಕಂಪ್ಯೂಟರಿನಲ್ಲಿ ಹಕ್ಕಿ ಹುಟ್ಟಲಿಲ್ವೋ, ಸಿಮೆಂಟಿನವು ತರಿಸ್ತೀನಿ. ಆಮೇಲೆ ಅಳಬೇಡ."

ಇದ್ದ ಹಕ್ಕಿಯ ಮೇಲೇ ಅಚ್ಚು ಒತ್ತುವಂತಿರಲಿಲ್ಲ. ಮಣ್ಣು ಸುಟ್ಟಾಗ ಕುಗ್ಗುತ್ತದೆ. ತಾಯಿಗಿಂತ ಮರಿ ಚಿಕ್ಕದಾಗುತ್ತದೆ. ಆದರೆ ಸುತ್ತಲಿಂದ ತೆಗೆದ ಫೋಟೋಗಳನ್ನು ಕೊಟ್ಟರೆ ತಾನೇ ಹೊಂದಿಸಿ, ವಸ್ತುವಿನ ಉಬ್ಬುತಗ್ಗು ಸಮೇತ ರೂಪ ಕಟ್ಟುವ ತಂತ್ರಾಂಶವೊಂದು ಚಿರಿಯ ಕಂಪ್ಯೂಟರಿನಲ್ಲಿತ್ತು. ರೂಪ ಸಿಕ್ಕರೆ ಅದನ್ನು ಬೇಕಾದಷ್ಟು ಹಿಗ್ಗಿಸಿ, ಪಾಟನ್ ಪಟ್ಟಣದ ಅಂಗಡಿಯಲ್ಲಿ ಅಚ್ಚು ಮಾಡಿಸಬಹುದು.

ಲಾರಿ ಟೈರಿನಿಂದ ಮಾಡಿದ ಕುಂಬಾರರ ತಿಗರಿಯ ಮೇಲೆ ಹಕ್ಕಿಯನ್ನಿಟ್ಟು, ಎದುರಿಗೆ ಚಕ್ಕಳಮಕ್ಕಳ ಕೂತು, ತಿಗರಿಯನ್ನು ಚೂರುಚೂರೇ ತಿರುಗಿಸುತ್ತ ಅವಳು ಫೋಟೋ ತೆಗೆದಳು. ಕಂಪ್ಯೂಟರು ಬಹಳ ಹೊತ್ತು ಯೋಚಿಸಿ ಒಂದು ರೂಪ ಕೊಟ್ಟಿತು. ಹಿಂದಿನ ಗೋಡೆಯ ಮೆಣಸಿನಕಾಯಿ ಸರ ತೊಟ್ಟಿನ ಸಮೇತ ಮೂಡಿತ್ತು. ಹಕ್ಕಿಯಿದ್ದಲ್ಲಿ ಕಲಸಿದ ಹಿಟ್ಟಿನಂಥ ಮುದ್ದೆ.

ಅಜಿ ಬಗ್ಗಿ ನೋಡಿದಳು. "ಮೆಣಸಿನಕಾಯಿ ಖಾರವಾಗೇ ಬಂದಿದೆ. ಹಕ್ಕಿ ಎಲ್ಲೋ ಮೇಯೋಕೆ ಹೋಗಿರಬೇಕು."

"ಸುಮ್ನಿರು ಅಜಿ!"

ಮತ್ತೆ ತೆಗೆದಳು, ಮತ್ತೆ ಮುದ್ದೆ. ಬಿಸಿಲು ಎದುರು ಮನೆಯ ಸೂರಿಗೆ ಏರಿತು. ಫೋಟೋಗಳನ್ನು ಒಂದರ ಹಿಂದೊಂದು ಓಡಿಸಿದಾಗ ಚಿರಿಗೆ ಹೊಳೆಯಿತು: ಎಲ್ಲದರಲ್ಲೂ ಗೋಡೆ ಇದ್ದಲ್ಲೇ ಇದೆ. ಯಂತ್ರ ಗೋಡೆಯನ್ನು ನಂಬಿತ್ತು. ಯಾರೂ ಕದಲಿಲ್ಲ ಅಂದುಕೊಂಡು, ತಿರುಗುತ್ತಿದ್ದ ಹಕ್ಕಿಯನ್ನು ಕಲಸಿಬಿಟ್ಟಿತ್ತು. ಕೂತಲ್ಲೇ ಕೂತು ಲೋಕವನ್ನು ತಿರುಗಿಸುವುದು ಕುಂಬಾರರ ಚಾಳಿ. ಅದೇ ಅವಳ ಕೈಗೂ ಅಂಟಿತ್ತು.

ಹಕ್ಕಿಯನ್ನು ಅಂಗಳದ ನಡುವೆ ಸ್ಟೂಲಿನ ಮೇಲಿಟ್ಟು, ತಾನೇ ಸುತ್ತತೊಡಗಿದಳು. ಬಗ್ಗಿ ಒಂದು ಸುತ್ತು, ನಿಂತು ಒಂದು ಸುತ್ತು.

"ದೇವರಿಗೂ ನೀನು ಇಷ್ಟು ಭಕ್ತಿಯಿಂದ ಸುತ್ತು ಬಂದದ್ದು ಕಾಣೆ," ಎಂದಳು ಅಜಿ.

ಕಾಕಾ ಬಾಗಿಲಿಗೆ ಬಂದಾಗ ಪರದೆಯ ಮೇಲೆ ಮೊದಲು ಕೊಕ್ಕು, ಆಮೇಲೆ ಕತ್ತು, ಆಮೇಲೆ ಮಡಿಸಿದ ರೆಕ್ಕೆ ಒಂದೊಂದಾಗಿ ಮೂಡುತ್ತಿದ್ದವು. ಇಡೀ ಹಕ್ಕಿ ಬಂದು ಕೂತಿತು. ಬೆರಳಿನಿಂದ ತಿರುಗಿಸಿದರೆ ತಿರುಗಿತು.

ಕಾಕಾ ಕನ್ನಡಕ ಏರಿಸಿದರು. "ಬಾಲ ಸೊಟ್ಟಗಿದೆಯಲ್ಲೇ?"

"ಅಸಲೂ ಸೊಟ್ಟಗೇ ಇದೆ ಕಾಕಾ, ನೋಡಿ."

"ಇವಳ ತಾತ ಎರಡು ಬಟ್ಟಲು ಹೆಂಡ ಏರಿಸಿ ಮಾಡಿದ್ದು ಅದು," ಎಂದಳು ಅಜಿ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು.

"ಹಾಗಾದ್ರೆ ನಾಲ್ಕೂ ಸೊಟ್ಟ?"

"ನಾಲ್ಕೂ ಒಂದೇ ಕಡೆ ವಾಲಿದ್ರೆ, ಸೊಟ್ಟ ಅನ್ನೋರು ಯಾರಪ್ಪ?" ಅಜಿ ಕೇಳಿದಳು.

ಕಾಕಾ ಫೋನು ತೆಗೆದರು. "ಸಿಮೆಂಟಿನವು ಬೇಡ ಮಾರಾಯ. ನಮ್ಮ ಹಕ್ಕಿ ಸಿಕ್ಕಿತು."

ಚಿರಿ ರೂಪವನ್ನು ಪಾಟನ್ನಿಗೆ ಕಳಿಸಿ, ಮಡಕೆ ಸುಡುವ ಆವಿಗೆಯ ಪಕ್ಕದ ಹುಲ್ಲಿನ ರಾಶಿಯ ಮೇಲೆ ಅಂಗಾತ ಬಿದ್ದುಕೊಂಡಳು. ಹುಲ್ಲು ಬೆಚ್ಚಗಿತ್ತು. ಒಳಗಿನಿಂದ ಅಜಿ ಅವಲಕ್ಕಿಗೆ ಕೂಗಿದ್ದು ಕೇಳಿಸಿತು; ಏಳಲು ಮನಸ್ಸೇ ಬರಲಿಲ್ಲ.