ದಾಸಪ್ಪ ನೋಡದ ಕೊನೆ

ಚಟ್ಟ ಇಳಿಸಿ, ದಿಕ್ಕು ತಿರುಗಿಸಿ, ಮತ್ತೆ ಹೆಗಲಿಗೇರಿಸುವಾಗ ಸಿದ್ದರಾಜುವಿನ ಪಕ್ಕಕ್ಕೆ ಬಂದು ನಿಂತವನು ರುದ್ರೇಶ. ಹನ್ನೊಂದು ವರ್ಷದ ಮೇಲೆ ಇಬ್ಬರ ಭುಜ ತಾಗಿದವು. ತಮಟೆಯವರು ಮುಂದೆ ನಡೆದರು. ಕಾಡುಗೋಡಿಯ ಮೆಟ್ರೊ ಕಂಬಗಳ ಕೆಳಗೆ ಕ್ಯಾಬುಗಳು ಹಾರನ್ ಒತ್ತುತ್ತ ಸಾಲುಗಟ್ಟಿದ್ದವು.

"ಎಷ್ಟು ಅಗುರ ಆಗ್ಬಿಟ್ಟವ್ನಲ್ಲ ದಾಸಪ್ಪ!" ಎಂದರು ಹಿಂದಿನಿಂದ ಯಾರೋ.

ಇಪ್ಪತ್ತೆರಡು ವರ್ಷ ಟೆಕ್ ಪಾರ್ಕೊಂದರ ಗೇಟಿನಲ್ಲಿ ಸೆಕ್ಯೂರಿಟಿಯಾಗಿ ನಿಂತು, ಸಂಜೆ ಕೆರೆಯಂಗಳದಲ್ಲಿ ಹುಡುಗರಿಗೆ ಕಬಡ್ಡಿ ಕಲಿಸಿದ ಮನುಷ್ಯ. ಅದು ಬಿಟ್ಟರೆ ಹೇಳಿಕೊಳ್ಳುವಂಥ ಬದುಕೇನಲ್ಲ. ಆದರೂ ಮೇಲಿನ ಬೀದಿ, ಕೆಳಗಿನ ಬೀದಿ ಎರಡರ ಜನವೂ ಅವನ ಹಿಂದೆ ಬರುತ್ತಿದ್ದರು, ಬೇರೆ ಬೇರೆ ಗುಂಪಾಗಿ.

ಸಿದ್ದರಾಜುವಿಗೆ ಒಂದೇ ಯೋಚನೆ. ಇವತ್ತಾದರೂ ರುದ್ರೇಶನ ಹತ್ತಿರ ತಪ್ಪಾಯಿತೆನ್ನಬೇಕು. "ಒಂದ್ಸಲ ಅವನ ಮನೆಗೆ ಓಗಿ ಬಾರೋ" ಎಂದು ದಾಸಪ್ಪ ನೂರು ಸಲ ಕೇಳಿದ್ದ. "ನಾಳೆ ಹೋಗ್ತೀನಿ ಕಣಣ್ಣ" ಎಂದು ಇವನು ನೂರು ಸಲ ಜಾರಿಕೊಂಡಿದ್ದ.

*

ಕಂಪನಿಯವರು ಒಮ್ಮೆ ತಮ್ಮ ಸಭಾಂಗಣದಲ್ಲಿ ಇಂಗ್ಲಿಷ್ ಸಿನಿಮಾ ಹಾಕಿದ್ದರು. ದಾಸಪ್ಪ ಬಾಗಿಲಲ್ಲಿ ನಿಂತೇ ನೋಡಿದ. ಮಾತು ಒಂದೂ ತಿಳಿಯಲಿಲ್ಲ. ಒಡೆದು ಎರಡಾದ ದೇಶ, ಅದನ್ನು ಹೊಲಿಯುವ ಒಂದು ಆಟ, ಅಷ್ಟು ತಿಳಿಯಿತು. ಕೊನೆಯ ಪಂದ್ಯ ನಡೆಯುತ್ತಿರುವಾಗಲೇ ನೀರಿನ ಟ್ಯಾಂಕರ್ ಬಂತೆಂದು ಗೇಟಿಗೆ ಕರೆದರು. ನೋಡದೆ ಉಳಿದ ಕೊನೆಯನ್ನು ಪುಣ್ಯಾತ್ಮ ತಾನೇ ಕಟ್ಟಿಕೊಂಡ.

"ಗೆದ್ದೋರೆಲ್ಲ ಒಂದೇ ಸಾಲಲ್ಲಿ ಕೂತು ಉಂಡ್ರು ಕಣ್ರೋ! ಅಷ್ಟು ದೊಡ್ಡ ದೇಶಾನೇ ಒಂದಾಯ್ತಂತೆ. ನಮ್ದೇನು, ಎರಡು ಬೀದಿ!"

ಕೆಳಗಿನ ಬೀದಿಯ ಮನೆಗಳಲ್ಲಿ ಮೇಲಿನ ಬೀದಿಯವರು ನೀರು ಮುಟ್ಟದ ಊರು ಅದು. ಸುತ್ತ ಗಾಜಿನ ಕಟ್ಟಡಗಳೆದ್ದರೂ ಆ ಬುದ್ಧಿ ಮಾತ್ರ ಅಲುಗಿರಲಿಲ್ಲ. ದಾಸಪ್ಪನೂ ಮೇಲಿನ ಬೀದಿಯವನೇ. ಅವನು ಎರಡೂ ಕಡೆಯ ಹುಡುಗರನ್ನು ಕಿವಿ ಹಿಂಡಿ ಎಳೆತಂದು ಏಳು ಜನರ ಒಂದು ತಂಡ ಕಟ್ಟಿದ. ಮೇಲಿನ ಬೀದಿಯ ಸಿದ್ದರಾಜು ಕ್ಯಾಪ್ಟನ್, ಕೆಳಗಿನ ಬೀದಿಯ ರುದ್ರೇಶ ರೇಡರ್. "ಮಗಾ, ನೀನು ನುಗ್ಗು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎನ್ನುತ್ತಿದ್ದ ಸಿದ್ದರಾಜು. ಹೋಬಳಿ ಫೈನಲ್ ಗೆದ್ದೇಬಿಟ್ಟರು.

ತಾನು ಕಟ್ಟಿದ ಕೊನೆಯ ಪ್ರಕಾರವೇ ದಾಸಪ್ಪ ಅಂದಿನ ಊಟವನ್ನು ಸಿದ್ದರಾಜುವಿನ ಮನೆಯಲ್ಲಿ ಇಡಿಸಿದ. ಒಳಗೆ ಮೂರೇ ಎಲೆ ಹಾಕಿತ್ತು. ಸಿದ್ದರಾಜುವಿನ ಚಿಕ್ಕಪ್ಪ ರಾಜೇಂದ್ರ ಬಾಗಿಲಿಗೆ ಅಡ್ಡ ನಿಂತು, "ನೀವು ನಾಲ್ಕು ಜನ ಈಚೆ ಕೂತ್ಕೊಳ್ರಪ್ಪಾ, ಕೊಟ್ಟಿಗೆ ತಾವ ಜಾಗ ಐತೆ" ಎಂದ.

ರುದ್ರೇಶ ಕ್ಯಾಪ್ಟನ್ನನ ಮುಖ ನೋಡಿದ. ಕ್ಯಾಪ್ಟನ್ ಎಲೆಗೆ ನೀರು ಚಿಮುಕಿಸುತ್ತ ತಲೆ ತಗ್ಗಿಸಿದ. ನಾಲ್ವರೂ ಉಣ್ಣದೆ ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇಲ್ಲಿ ಹೋದದ್ದು ಒಂದು ಹಿಡಿ ಅನ್ನಕ್ಕೆ.

"ಸಿನಿಮಾ ಪೂರ್ತಿ ನೋಡ್ಬೇಕಿತ್ತು ಕಣೋ. ನಾನೇ ಎಲ್ಲೋ ತಪ್ಪು ಮಾಡ್ದೆ" ಎಂದು ದಾಸಪ್ಪ ಕೊನೆಯವರೆಗೂ ಕೊರಗಿದ. ಸಿದ್ದರಾಜು ಆ ಸಿನಿಮಾವನ್ನು ಆಮೇಲೆ ಮೊಬೈಲಿನಲ್ಲಿ ನೋಡಿದ್ದ. ಅದರಲ್ಲಿ ಊಟವೇ ಇರಲಿಲ್ಲ. ತಪ್ಪು ನಿನ್ನದಲ್ಲ, ನನ್ನದು ಎಂದು ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ.

*

ಮಣ್ಣು ಹಾಕುವಾಗಲೂ ಸಿದ್ದರಾಜು ತಪ್ಪಾಯಿತೆನ್ನುವುದನ್ನು ಮುಂದೂಡಿದ. ಸ್ನಾನ ಮುಗಿಸಿ ಎಲ್ಲರೂ ದಾಸಪ್ಪನ ಮನೆಗೆ ಬಂದು ದೀಪ ನೋಡಿದರು. ಸಾವಿನ ಮನೆಯಲ್ಲಿ ಅಂದು ಒಲೆ ಹಚ್ಚುವಂತಿಲ್ಲ, ಊಟ ಬೇರೆ ಮನೆಯಿಂದ ಬರಬೇಕು. ರುದ್ರೇಶ ಮತ್ತು ಅವನ ಹೆಂಡತಿ ರಾಣಿ ಆಟೊದಿಂದ ಪಾತ್ರೆಗಳನ್ನು ಇಳಿಸಿದರು.

ದಾಸಪ್ಪನ ಹೆಂಡತಿ ಚಿಕ್ಕಮುನಿಯಮ್ಮ ಗೋಡೆಗೊರಗಿಯೇ ಹೇಳಿದಳು: "ರುದ್ರೇಶನ ಮನೆ ಅನ್ನ. ಉಣ್ಣೋರು ಉಣ್ಣಿ, ಓಗೋರು ಓಗಿ. ನಮ್ ಯಜಮಾನ್ರಿಗೆ ಇನ್ಮೇಲೆ ಬೇಜಾರಾಗಕಿಲ್ಲ."

ಮೇಲಿನ ಬೀದಿಯವರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ರಾಜೇಂದ್ರ ಸಿದ್ದರಾಜುವಿನ ತೋಳು ಹಿಡಿದ. "ನಡಿಯೋ, ಮನೇಲಿ ಉಣ್ಣಾನ."

"ನೀನು ಹೋಗು ಚಿಕ್ಕಪ್ಪ. ನಾನು ಇಲ್ಲೇ ಉಣ್ತೀನಿ."

ಚಿಕ್ಕಪ್ಪ ಗೊಣಗುತ್ತ ಹೋದ. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟು ಸಲೀಸಾದ ಮಾತಿಗೆ ಹನ್ನೊಂದು ವರ್ಷ ಹಿಡಿಯಿತಲ್ಲ ಎಂದು ಸಿದ್ದರಾಜುವಿಗೆ ನಾಚಿಕೆಯಾಯಿತು. ಹೋಗಿ ಸಾಲಿನಲ್ಲಿ ಕೂತ. ರಾಣಿ ಅನ್ನ ಬಡಿಸಿದಳು. ಹಿಂದೆಯೇ ರುದ್ರೇಶ ಸಾರಿನ ಬಕೆಟ್ ಹಿಡಿದು ಬಂದ.

"ರುದ್ರೇಶ, ಅವತ್ತು ನಾನು..."

"ಉಣ್ಣಿ ಸಾರ್. ಇನ್ನೊಂದು ಪಂಕ್ತಿ ಕೂರ್ಬೇಕು."

ರಾಣಿ ಗಂಡನತ್ತ ಬಾಗಿದಳು. "ಯಾರ್ರೀ ಇವ್ರು? ಯಾವೂರಿಂದ ಬಂದವ್ರೆ?"

ಅವಳು ಮದುವೆಯಾಗಿ ಈ ಊರಿಗೆ ಬಂದು ಎಂಟು ವರ್ಷ. ಎರಡು ಮನೆಗಳ ನಡುವೆ ಇದ್ದದ್ದು ಎರಡು ತಿರುವು. ಸಿದ್ದರಾಜು ಕಾದ. ಕ್ಯಾಪ್ಟನ್ ಎನ್ನಬಹುದು. ಬೈಯಬಹುದು. ಹೆಸರಾದರೂ ಹೇಳಬಹುದು.

"ಮಣ್ಣಿಗೆ ಬಂದೋರು" ಎಂದು ರುದ್ರೇಶ ಸೌಟು ಬಗ್ಗಿಸಿದ.

ಅನ್ನದ ನಡುವೆ ಗುಳಿ ಮಾಡಿಕೊಳ್ಳುವುದೂ ಸಿದ್ದರಾಜುವಿಗೆ ನೆನಪಾಗಲಿಲ್ಲ. ಬಿಸಿ ಸಾರು ಎಲೆಯಂಚು ದಾಟಿ, ನೆಲದ ಮೇಲೆ ಹರಿದು, ಮಡಿಸಿದ ಅವನ ಮೊಣಕಾಲಿಗೆ ಬಂದು ತಾಗಿತು. ಅವನು ಕಾಲು ಹಿಂದಕ್ಕೆಳೆಯಲಿಲ್ಲ.